ಫ್ರೀಜರಿಗೆ ಮುಡಿಸಿದ ಸೇವಂತಿಗೆ

"ಕೈ ತೆಗೀರಿ... ಏನ್ರೀ, ನಿಮಗ ಹೇಳಾಕತ್ತೀನಿ, ಕೈ ತೆಗೀರಿ ಮೊದ್ಲ!"

ಲ್ಯಾಬಿನ ಬಾಗಿಲ ಹತ್ತಿರದಿಂದ ಯಾರೋ ಕೂಗಿದರು. ಅದು ತನಗೇ ಹೇಳಿದ್ದು ಅಂತ ದ್ರಾಕ್ಷಾಯಿಣಿಗೆ ಹೊಳೆಯಲೇ ಇಲ್ಲ. ಮುಂಬಯಿಯಿಂದ ಬಂದಿದ್ದ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಕೈ ಇಳಿಬಿಟ್ಟು, ಬಿಳಿ ಹೊಗೆ ಏಳುತ್ತಿದ್ದ ಡ್ರೈ ಐಸ್ ತುಂಡುಗಳ ಮಧ್ಯೆ ಅವಳು ಔಷಧದ ಸೀಸೆಯಂಥ ಒಂದು ಪುಟ್ಟ ವೈಯಲ್ ಹುಡುಕುತ್ತಿದ್ದಳು. ಗ್ಲೌಸ್ ಹಾಕಿರಲಿಲ್ಲ.

ಮರುಗಳಿಗೆ ಒಂದು ಗಂಡಸಿನ ಕೈ ಅವಳ ಮಣಿಕಟ್ಟು ಹಿಡಿದು ಹೊರಗೆಳೆಯಿತು. ಎಳೆದದ್ದಷ್ಟೇ ಅಲ್ಲ, ದರದರ ಕರೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿಯಿತು. ಅವಳ ಬೆರಳ ತುದಿಗಳು ಬೆಳ್ಳಗಾಗಿದ್ದವು.

"ಉರಿಯಂಗಿಲ್ಲೇನ್ರಿ?"

"ಇಲ್ಲ."

ಅವಳು ಸುಳ್ಳು ಹೇಳಲಿಲ್ಲ. ನಿಜಕ್ಕೂ ಅವಳಿಗೆ ಏನೂ ಅನ್ನಿಸಿರಲಿಲ್ಲ. ಆ ಹುಡುಗ ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಆಮೇಲೆ ಪರಿಚಯವೇ ಇಲ್ಲದ ಹೆಣ್ಣಿನ ಕೈ ಹಿಡಿದುಕೊಂಡು ನಿಂತಿದ್ದೇನೆ ಅಂತ ಗೊತ್ತಾಗಿ, ಕಿವಿ ಕೆಂಪಗೆ ಮಾಡಿಕೊಂಡು ಬಿಟ್ಟುಬಿಟ್ಟ.

ಇಕ್ಕಳದಿಂದ ವೈಯಲ್ ಹೊರತೆಗೆದವನು ಅವನೇ. ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ.

"ಇದರಾಗ ಏನೂ ಇಲ್ಲಲ್ರಿ. ಖಾಲಿ ಕಳಿಸ್ಯಾರ ನೋಡ್ರಿ ನನ್ಮಕ್ಕಳು."

"ಐತ್ರಿ. ಕಣ್ಣಿಗೆ ಕಾಣಂಗಿಲ್ಲ, ಅಷ್ಟ."

ಅವನು ತಟ್ಟನೆ ತಿರುಗಿದ. ಸುತ್ತಲೂ ತುಳು, ಕೊಂಕಣಿ, ಮಲಯಾಳ, ಇಂಗ್ಲಿಷು ತುಂಬಿದ ಆ ಮಣಿಪಾಲದಲ್ಲಿ, ಅಷ್ಟು ಸಲೀಸಾಗಿ 'ಐತ್ರಿ' ಅಂದವಳನ್ನು ಕಣ್ಣರಳಿಸಿ ನೋಡಿದ.

"ನೀವು ಯಾ ಕಡೆಯವರು?"

"ಬಾದಾಮಿ ಕಡೆ. ಈಗ ಕಾರ್ಕಳ."

"ನಾ ಗಜೇಂದ್ರಗಡದಾಂವ. ಸಂಗಮೇಶ. ಇಲ್ಲಿ ಕೆಲಸಕ್ಕ ಇವತ್ತ ಸೇರೀನಿ."

ಅವಳು ತಲೆಯಾಡಿಸಿ, ವೈಯಲ್ ಇಸಿದುಕೊಂಡು ಒಳಗೆ ಹೋದಳು. ಒಂದು ಥ್ಯಾಂಕ್ಸ್ ಹೇಳಬೇಕಿತ್ತು ಅಂತ ಅವಳಿಗೆ ನೆನಪಾದದ್ದು ಸಂಜೆ, ಕಾರ್ಕಳದ ಬಸ್ಸಿನಲ್ಲಿ.

ಆ ವೈಯಲಿನಲ್ಲಿ ಇದ್ದದ್ದು ಏನು ಅಂತ ಕೇಳುತ್ತೀರಾ? ಕಾರ್ಖಾನೆಯಲ್ಲಿ ಕಟ್ಟಿದ ಒಂದು ಪೆಪ್ಟೈಡು, ಅಂದರೆ ಪ್ರೋಟೀನಿನ ಸಣ್ಣ ತುಣುಕು. ಗ್ರೋತ್ ಫ್ಯಾಕ್ಟರ್ ಅನ್ನುತ್ತಾರೆ. ನಮ್ಮ ಮೈಯ ಜೀವಕೋಶಗಳಿಗೆ 'ಬೆಳೆಯಿರಿ' ಅಂತ ಹೇಳುವುದೇ ಅದರ ಕೆಲಸ. ಸಿಸಿಲಿಯಾ ಮೇಡಂ ಅವರ ಲ್ಯಾಬಿನಲ್ಲಿ ಅದನ್ನು ಚರ್ಮದ ಕೋಶಗಳಿಗೆ ಹಾಕಿ, ಸಕ್ಕರೆ ಕಾಯಿಲೆಯವರ ಗಾಯ ಬೇಗ ಮಾಯುತ್ತದೆಯೇ ಅಂತ ನೋಡುತ್ತಿದ್ದರು. ಬಹಳ ನಾಜೂಕಿನ ವಸ್ತು. ಒಮ್ಮೆ ಕರಗಿಸಿ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ ಇಡಬೇಕು. ಬೇಕಾದಾಗ ಒಂದೊಂದೇ ತೆಗೆಯಬೇಕು. ತಣ್ಣಗಿರುವುದು ತಪ್ಪಿ ಹಾಗೇ ಬಿದ್ದಿತೋ, ಸತ್ತೇ ಹೋಯಿತು. ಇನ್ನೊಂದು ತರಿಸಲು ತಿಂಗಳುಗಟ್ಟಲೆ ಕಾಯಬೇಕು.

ದ್ರಾಕ್ಷಾಯಿಣಿಗೆ ಮಾತ್ರ ಅದು ಬರೀ ಪೆಪ್ಟೈಡು ಆಗಿರಲಿಲ್ಲ. ಈ ಪ್ರಯೋಗ ಸರಿಯಾಗಿ ಮುಗಿದರೆ, ಎಂಎಸ್ಸಿ ಮುಗಿಸಿ ಆ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅವಳನ್ನು ಪಿಎಚ್‌ಡಿಗೆ ಸೇರಿಸಿಕೊಳ್ಳುತ್ತೇನೆ ಅಂತ ಮೇಡಂ ಮಾತು ಕೊಟ್ಟಿದ್ದರು. ಅಪ್ಪ ತಿಮ್ಮಣ್ಣ ಗೌಂಡಿ. ಅಣ್ಣ ರಾಮಲಿಂಗನೂ ಗೌಂಡಿ. ಊರು ಬಿಟ್ಟು ಬಂದು, ಇದೇ ಮಣಿಪಾಲದ ಹಾಸ್ಟೆಲುಗಳ ಗೋಡೆ ಎಬ್ಬಿಸಿ, ಅವಳನ್ನು ಎಂಎಸ್ಸಿ ಓದಿಸಿದವನು ಆ ಅಣ್ಣ. "ನೀ ಡಾಕ್ಟರ್ ಆಗಬೇಕು ತಂಗಿ. ಇಂಜೆಕ್ಷನ್ ಚುಚ್ಚೋ ಡಾಕ್ಟರ್ ಆಗದಿದ್ರೂ ಚಿಂತಿಲ್ಲ, ಹೆಸರಿನ ಮುಂದ ಬರ್ಕೊಳ್ಳೋ ಡಾಕ್ಟರ್ ಆದ್ರ ಸಾಕು" ಅನ್ನುತ್ತಿದ್ದ.

ಹೋದ ದೀಪಾವಳಿಯ ಹೊತ್ತಿಗೆ ಒಂದು ಕಟ್ಟಡದ ಸಾರವೆಯಿಂದ ಬಿದ್ದು ಅವನು ತೀರಿಹೋದ.

ದ್ರಾಕ್ಷಾಯಿಣಿ ಅಳಲಿಲ್ಲ. ಅವ್ವ ಯಂಕವ್ವ ಎದೆ ಬಡಿದುಕೊಂಡು ಅತ್ತಳು, ಅಪ್ಪ ಗೋಡೆಗೆ ಆತುಕೊಂಡು ಅತ್ತ. ಇವಳು ಬಂದವರಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಮೂರನೇ ದಿನ ಲ್ಯಾಬಿಗೆ ಹೋದಳು. 'ಎಷ್ಟು ಗಟ್ಟಿ ಹುಡುಗಿ' ಅಂದರು ಜನ. ಗಟ್ಟಿಯೂ ಇಲ್ಲ, ಏನೂ ಇಲ್ಲ. ಒಳಗೆ ಯಾರೂ ಇಲ್ಲದ ಹಾಗೆ ಇತ್ತು, ಅಷ್ಟೇ. ಎದ್ದಳು, ಹೋದಳು, ಬಂದಳು, ಮಲಗಿದಳು. ಹಾಗೇ ತಿಂಗಳುಗಳು ಕಳೆದವು.

ಸಂಗಮೇಶ ಬಂದಮೇಲೂ ಹೆಚ್ಚೇನೂ ಬದಲಾಗಲಿಲ್ಲ. ಪ್ರೇಮ ಕಥೆಯಲ್ಲಿ ಹೀಗೆ ಹೇಳಬಾರದು ನೋಡಿ, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ? ಅವನು ಮಾತಿನ ಮಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತು ಇಡೀ ದಿನ ಮಾತಾಡುತ್ತಿದ್ದ. ಕಾಪುವಿನಲ್ಲಿ ತಾನು ಹಿಡಿದ ರೂಮಿನ ಬಗ್ಗೆ, ಮೀನಿನ ವಾಸನೆ ತಾಳಲಾರದೆ ಮೂಗು ಮುಚ್ಚಿಕೊಂಡು ಓಡಾಡಿದ ಮೊದಲ ವಾರದ ಬಗ್ಗೆ. ಅವಳು ಹೂಂ ಅನ್ನುತ್ತಿದ್ದಳು. ಅವನು ರಜೆ ಹಾಕಿದ ದಿನ ಲ್ಯಾಬು ಬಹಳ ದೊಡ್ಡದಾಗಿ ಕಾಣುತ್ತಿತ್ತು. ಯಾಕೆ ಅಂತ ಅವಳು ಯೋಚಿಸಲಿಲ್ಲ.

ಮೊದಲ ಸುತ್ತಿನ ಪ್ರಯೋಗ ಚೆನ್ನಾಗಿ ಬಂತು. ತಟ್ಟೆಯ ತುಂಬ ಬೆಳೆದ ಕೋಶಗಳ ಮಧ್ಯೆ ಒಂದು ಗೀರು ಎಳೆದು, ಪೆಪ್ಟೈಡು ಹಾಕಿದ್ದರು. ಮರುದಿನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಸಂಗಮೇಶ ತಲೆ ಎತ್ತದೆ ಹೇಳಿದ, "ಗಾಯ ಮಾಯಾಕತ್ತೈತಿ, ಬರ್ರಿ ಇಲ್ಲೆ."

ಅವಳು ನೋಡಿದಳು. ಎರಡೂ ದಂಡೆಯಿಂದ ಕೋಶಗಳು ಒಂದರ ಹಿಂದೆ ಒಂದು ಹರಿದು ಬಂದು ಗೀರನ್ನು ಮುಚ್ಚುತ್ತಿದ್ದವು.

"ಹೂಂ. ಚಲೋ ಬಂದೈತಿ" ಅಂದಳು.

"ಅಷ್ಟೇನು?"

"ಮತ್ತೇನು ಅನ್ನಬೇಕ್ರಿ?"

ಅವನು ಸ್ಟೂಲು ಹಿಂದಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ ಅಂದ, "ಏನೂ ಅನ್ನಬ್ಯಾಡ್ರಿ. ಅನ್ನಬೇಕು ಅನ್ನಿಸಿದಾಗ ನನ್ನ ಮುಂದ ಅನ್ರಿ. ನಾ ಇಲ್ಲೇ ಇರ್ತೀನಿ."

*

ದಸರೆ ಬಂತು.

ಆ ಲ್ಯಾಬಿನಲ್ಲಿ ಒಂದು ಪದ್ಧತಿ ಉಂಟು. ಆಯುಧ ಪೂಜೆಗೆ ಎಲ್ಲ ಮೆಷಿನುಗಳನ್ನೂ ಒರೆಸಿ, ಕುಂಕುಮ ಇಟ್ಟು, ಸೇವಂತಿಗೆ ಮುಡಿಸುತ್ತಾರೆ. ಸಿಸಿಲಿಯಾ ಮೇಡಂ ಕ್ರೈಸ್ತರು, ಭಾನುವಾರ ಇಗರ್ಜಿಗೆ ಹೋಗುವವರು. ಆದರೂ ಪ್ರತಿ ವರ್ಷ ಲಾಡು ತರುವವರು ಅವರೇ. "ವರ್ಷವಿಡೀ ದುಡಿಯುತ್ತವಲ್ಲ ಮಾರಾಯ್ರೆ, ಅವುಗಳಿಗೂ ಒಂದು ದಿನ ರಜೆ ಬೇಡವಾ?" ಅನ್ನುತ್ತಿದ್ದರು. ಅವತ್ತು ಎಲ್ಲ ಸ್ವಿಚ್ಚುಗಳನ್ನೂ ಆರಿಸುತ್ತಿದ್ದರು. ಇನ್‌ಕ್ಯುಬೇಟರ್ ಮತ್ತು ಫ್ರೀಜರ್ ಎರಡನ್ನು ಬಿಟ್ಟು.

ಬೆಳಿಗ್ಗೆ ಮೈಕ್ರೋಸ್ಕೋಪು, ಸೆಂಟ್ರಿಫ್ಯೂಜುಗಳ ಪೂಜೆ ಮುಗಿಯಿತು. ಲಾಡು ತಿಂದು ಒಬ್ಬೊಬ್ಬರೇ ಹೊರಟರು. ಸಂಗಮೇಶನೂ ಏನೋ ಕೆಲಸವಿದೆ ಅಂತ ಹೋದ. ಕೊನೆಗೆ ಉಳಿದವಳು ದ್ರಾಕ್ಷಾಯಿಣಿ. ಅವಳಿಗೆ ಅವಸರವಿರಲಿಲ್ಲ. ಸಾವಾಗಿ ವರ್ಷ ತುಂಬಿರದ ಮನೆಗೆ ಹಬ್ಬ ಎಲ್ಲಿಯದು? ಅಣ್ಣನ ಗಾರೆ ಮೆತ್ತುವ ಕರಣೆ, ಗೋಡೆಯ ನೇರ ನೋಡುವ ತೂಕದ ಗುಂಡು, ಎಲ್ಲ ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ಬಿದ್ದಿದ್ದವು. ಪ್ರತಿ ವರ್ಷ ಅವನು ಅವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದ.

ಅವಳು ಬಕೆಟ್ಟು, ಬಟ್ಟೆ ತೆಗೆದುಕೊಂಡು ಉಳಿದದ್ದನ್ನೆಲ್ಲ ಒರೆಸಿದಳು. ನಾಲ್ಕೂವರೆಯ ಹೊತ್ತಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ಮರುದಿನ ವಿಜಯದಶಮಿ, ರಜೆ. ಅದರ ಮರುದಿನ ಅವಳು ಲ್ಯಾಬಿಗೆ ಬಂದಾಗ ಕಾರಿಡಾರಿಗೇ ಮೇಡಂ ದನಿ ಕೇಳುತ್ತಿತ್ತು.

"ಫ್ರೀಜರಿನ ಪ್ಲಗ್ ತೆಗೆಯಲಿಕ್ಕೆ ನಿನಗೆ ಯಾರು ಹೇಳಿದ್ದು? ಎಂತ ತಲೆ ಸಮ ಉಂಟಾ ನಿನಗೆ?"

ಫ್ರೀಜರಿನ ಕೆಳಗೆ ನೀರು ಹರಡಿತ್ತು. ಬಾಗಿಲಿಗೆ ಸಿಕ್ಕಿಸಿದ ಸೇವಂತಿಗೆ ಮಾಲೆ ಬಾಡಿ ಜೋತುಬಿದ್ದಿತ್ತು. ಟ್ಯೂಬುಗಳಲ್ಲಿ ಇದ್ದದ್ದೆಲ್ಲ ಕರಗಿ, ಒಂದೂವರೆ ದಿನ ಸೆಕೆಯಲ್ಲಿ ಬಿದ್ದು, ಕೆಲಸಕ್ಕೆ ಬಾರದೆ ಹೋಗಿತ್ತು. ಸಂಗಮೇಶ ತಲೆ ತಗ್ಗಿಸಿ ನಿಂತಿದ್ದ.

"ಪೂಜೆಯ ದಿನ ಎಲ್ಲರೂ ಹೋದ ಮೇಲೆ, ಸಂಜೆ ಐದಕ್ಕೆ ವಾಪಸು ಬಂದಿದ್ದೆ, ಮೇಡಂ. ಫ್ರೀಜರ್ ಒರೆಸಬೇಕು ಅಂತ ಪ್ಲಗ್ ತೆಗೆದೆ. ಮತ್ತೆ ಹಾಕಲು ಮರೆತೆ."

ಮೇಡಂ ಅವತ್ತೇ ಅವನಿಗೆ ಬರುವುದು ಬೇಡ ಅಂದರು. ಅವನು ಚೀಲ ತೆಗೆದುಕೊಂಡು ಮೆಟ್ಟಿಲ ಹತ್ತಿರ ಬಂದಾಗ ದ್ರಾಕ್ಷಾಯಿಣಿ ಅಡ್ಡ ನಿಂತಳು.

"ಆ ಟ್ಯೂಬಿನಾಗ ಏನಿತ್ತು ಗೊತ್ತೇನ್ರಿ ನಿಮಗ?"

ಅವನು ಚೀಲ ಹೆಗಲಿಗೆ ಏರಿಸಿಕೊಂಡ.

"ನಮ್ಮಣ್ಣ ಇದ್ದ. ಅವನ ಆಸೆ ಒಂದು ಉಳಿದಿತ್ತು. ಅದನ್ನೂ ಕಳೆದ್ರಿ."

ಬಯ್ಯುವ ದನಿಯೂ ಇರಲಿಲ್ಲ ಅದರಲ್ಲಿ. ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳಿದ ಹಾಗೆ ಹೇಳಿದಳು.

"ನೀವು ಹೋಗ್ರಿ. ಇನ್ನ ಮ್ಯಾಲೆ ನನ್ನ ಮಾತಾಡಿಸಬ್ಯಾಡ್ರಿ" ಅಂದಳು.

ಅವನು ಹೋದ. ಅವಳು ಒಳಗೆ ಹೋಗಿ ನೆಲ ಒರೆಸಿದಳು.

*

ಮೇಡಂ ಇನ್ನೊಂದು ವೈಯಲಿಗೆ ಬರೆದು ಹಾಕಿದರು. "ನಿನ್ನದೇನೂ ತಪ್ಪಿಲ್ಲವಲ್ಲ, ನಿನ್ನ ಪಿಎಚ್‌ಡಿ ಸೀಟಿಗೆ ನಾನು ಹೇಳಿಯೇ ಹೇಳ್ತೇನೆ" ಅಂತ ಧೈರ್ಯವನ್ನೂ ತುಂಬಿದರು. ಅವಳಿಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಪಕ್ಕದ ಸ್ಟೂಲು ಖಾಲಿ ಇತ್ತು. ಅದನ್ನು ಮೂಲೆಗೆ ಸರಿಸಿದಳು, ಮರುದಿನ ಮತ್ತೆ ತಂದು ಅಲ್ಲೇ ಇಟ್ಟಳು.

ಒಂದು ಭಾನುವಾರ. ಕಾರ್ಕಳದ ಬಾಡಿಗೆ ಮನೆಯ ಅಂಗಳದಲ್ಲಿ ತಿಮ್ಮಣ್ಣ ಮಗನ ಗೋಣಿಚೀಲ ಬಿಚ್ಚಿ ಕೂತಿದ್ದ. ಊರ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದ ಒಬ್ಬನಿಗೆ ಸಾಮಾನು ಬೇಕಾಗಿತ್ತು. ನೀರು ಹೊತ್ತು ಬಂದ ದ್ರಾಕ್ಷಾಯಿಣಿ ನಿಂತು ನೋಡಿದಳು. ಕರಣೆಗೆ ತುಕ್ಕು ಹಿಡಿದಿರುತ್ತದೆ ಅಂತ ಅಂದುಕೊಂಡಿದ್ದಳು. ಅದು ತೊಳೆದು, ಎಣ್ಣೆ ಹಚ್ಚಿ, ಹಿಡಿಕೆಗೆ ವಿಭೂತಿ ಬಳಿದಿತ್ತು.

"ಅಪ್ಪಾ, ಇದಕ್ಕ ಪೂಜಿ ಯಾರು ಮಾಡಿದ್ರು? ನಮಗ ಈ ವರ್ಷ ಹಬ್ಬ ಇಲ್ಲಲ್ಲ?"

"ನಮಗ ಇಲ್ಲವ್ವಾ. ಆ ಹುಡುಗ ಮಾಡಿದ. ನಿಮ್ಮ ಲ್ಯಾಬಿನಾಂವ, ಸಂಗಮೇಶ."

ಅವಳು ಕೊಡ ಕೆಳಗಿಟ್ಟಳು. "ಯಾವಾಗ?"

"ಆಯುಧ ಪೂಜಿ ದಿನಾನ. ಮಧ್ಯಾಹ್ನ ಉಣ್ಣೋ ಹೊತ್ತಿಗೆ ಬಂದ. ನಾ ಈ ಚೀಲ ಮುಂದಿಟ್ಕೊಂಡು ಕುಂತಿದ್ದೆ. ನೋಡಿ, ನನ್ನ ಬಾಜೂಕ ಬಂದು ಕುಂತ. 'ನಿಮ್ಮ ಮನ್ಯಾಗ ಮಾಡಬಾರದು, ನಾ ಮಾಡಬಹುದಲ್ಲ, ಕಾಕಾ' ಅಂದ. ಒಂದೊಂದ ಸಾಮಾನ ಬಾವಿಕಟ್ಟಿ ಮ್ಯಾಲೆ ಕುಂತು ತೊಳದ. ಮಗಾ ಇದ್ದಂಗ ಇದ್ದ. ಹೊತ್ತು ಮುಳುಗೋ ಮುಂದ ಹೋದ, ನೀ ಬರೂಕಿಂತ ಸ್ವಲ್ಪ ಮೊದ್ಲ."

"ನನಗ ಯಾಕ ಹೇಳಲಿಲ್ಲ?"

ಒಳಗಿನಿಂದ ಯಂಕವ್ವ ಅಂದಳು, "ನೀ ಕೇಳಿದ್ರ ಹೇಳತಿದ್ವಿ. ಈ ಮನ್ಯಾಗ ಈಗ ಯಾರು ಯಾರನ್ನ ಏನು ಕೇಳತಾರ?"

ತಿಮ್ಮಣ್ಣ ಕರಣೆಯನ್ನು ಮಡಿಲಲ್ಲಿ ಇಟ್ಟುಕೊಂಡ. "ಏನೋ ಕೇಳಾಕ ಬಂದಿದ್ದ ಯವ್ವಾ ಅಂವ. ಬಾಯಿ ತನಕ ಬಂದಿತ್ತು. ಮನಿ ನೋಡಿ ಕೇಳದ ಹೋದ."

ದ್ರಾಕ್ಷಾಯಿಣಿ ಬಾವಿಕಟ್ಟೆಯ ಮೇಲೆ ಕೂತಳು.

ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಅವನು ಇಲ್ಲಿದ್ದ, ಸಂಜೆ ಐದಕ್ಕೂ. ಕಾರ್ಕಳದಲ್ಲಿ. ಹಾಗಾದರೆ ಮಣಿಪಾಲದಲ್ಲಿ ಪ್ಲಗ್ ತೆಗೆದವರು...?

ಅವತ್ತಿನ ಮಧ್ಯಾಹ್ನವನ್ನು ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಬಕೆಟ್ಟು ನೆನಪಾಯಿತು. ಒದ್ದೆ ಬಟ್ಟೆ ನೆನಪಾಯಿತು. ಫ್ರೀಜರಿನ ಹಿಂದೆ ಬಗ್ಗಿದ್ದು, ಕೈಗೆ ನೀರು ಇದೆ, ಶಾಕ್ ಹೊಡೆದೀತು ಅಂದುಕೊಂಡದ್ದು ನೆನಪಾಯಿತು. ಕಪ್ಪು ವಯರು ಕೈಯಲ್ಲಿ ಇದ್ದದ್ದು ನೆನಪಾಯಿತು. ಆಗ ತಲೆಯಲ್ಲಿ ಇದ್ದದ್ದು ಒಂದೇ... ಅಣ್ಣನ ಕರಣೆಗೆ ಈ ವರ್ಷ ಯಾರೂ ಎಣ್ಣೆ ಹಚ್ಚುವುದಿಲ್ಲ ಅನ್ನುವುದು.

ಪ್ಲಗ್ ತೆಗೆದದ್ದು ನೆನಪಾಯಿತು. ಮತ್ತೆ ಹಾಕಿದ್ದು ನೆನಪಾಗಲಿಲ್ಲ.

'ನಾನೇ. ನಾನೇ ಮಾಡಿದ್ದು.'

*

ಸೋಮವಾರ ಬೆಳಿಗ್ಗೆ ಅವಳು ಮೇಡಂ ಎದುರು ನಿಂತಳು. ಇದನ್ನು ಹೇಳಿದರೆ ಸೀಟು ಕೈಬಿಟ್ಟು ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಬಸ್ಸಿನುದ್ದಕ್ಕೂ ಅದನ್ನೇ ಯೋಚಿಸಿದ್ದಳು. ಅಣ್ಣ ಇದ್ದಿದ್ದರೆ ಏನನ್ನುತ್ತಿದ್ದ? ವಾರೆ ಎದ್ದ ಗೋಡೆಯನ್ನು ಮಾಲೀಕ ನೋಡುವ ಮೊದಲು ತಾನೇ ಕೆಡವಿ ಮತ್ತೆ ಕಟ್ಟುತ್ತಿದ್ದವನು ಅವನು.

"ಮೇಡಂ, ಫ್ರೀಜರ್ ಪ್ಲಗ್ ತೆಗೆದದ್ದು ಸಂಗಮೇಶ ಅಲ್ಲ. ನಾನು."

ಸಿಸಿಲಿಯಾ ಮೇಡಂ ಪೆನ್ನು ಕೆಳಗಿಟ್ಟರು. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಎಂತ ಮಾರಾಯ್ತಿ ನೀನು..." ಅಂದರು ಕೊನೆಗೆ. "ಇದನ್ನು ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?"

"ನನಗೆ ಗೊತ್ತಲ್ಲ, ಮೇಡಂ."

ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. "ಈ ವರ್ಷ ನಿನ್ನ ಹೆಸರು ಕಳಿಸಲಿಕ್ಕೆ ಆಗುವುದಿಲ್ಲ. ನಾನು ಕಳಿಸುವುದೂ ಇಲ್ಲ. ಹೊಸ ವೈಯಲ್ ಬರಲಿ, ಮೊದಲಿಂದ ಎಲ್ಲ ಮಾಡು. ಮುಂದಿನ ವರ್ಷ ನೋಡುವ." ಆಮೇಲೆ ದನಿ ಇಳಿಸಿದರು. "ಅಣ್ಣ ತೀರಿಕೊಂಡ ಮೂರನೇ ದಿನ ನೀನು ಬಂದಾಗಲೇ ನಾನು ನಿನ್ನನ್ನು ಮನೆಗೆ ಕಳಿಸಬೇಕಿತ್ತು. ಅದು ನನಗೆ ಹೊಳೆಯಲಿಲ್ಲ."

ಅವಳು ಬಾಗಿಲವರೆಗೆ ಹೋದಾಗ ಮೇಡಂ ಮತ್ತೆ ಕರೆದರು.

"ಆ ಹುಡುಗ ಕಟಪಾಡಿಯಲ್ಲಿ ನಮ್ಮ ಇಗರ್ಜಿಗೆ ಬರುವ ಮೌರಿಸನ ಟ್ಯೂಷನ್ ಕ್ಲಾಸಿನಲ್ಲಿ ಪಾಠ ಮಾಡ್ತಾನಂತೆ. ವಾಪಸು ಬರಲಿಕ್ಕೆ ಹೇಳು. ನಾನು ಬೈದದ್ದಕ್ಕೆ ನಾನೇ ಮಾತಾಡ್ತೇನೆ ಅಂತ ಹೇಳು."

*

ಕಟಪಾಡಿ ಜಂಕ್ಷನ್ನಿನಲ್ಲಿ ಸಂಜೆಯ ಗದ್ದಲ. ರಿಕ್ಷಾಗಳು, ಬೀಡಿ ಕಟ್ಟು ಹಿಡಿದ ಹೆಂಗಸರು, "ಕಾಪು, ಪಡುಬಿದ್ರಿ, ಮೂಲ್ಕಿ..." ಅಂತ ಒಂದೇ ರಾಗದಲ್ಲಿ ಕೂಗುವ ಕಂಡಕ್ಟರು. ಬೇಕರಿಯ ಮಹಡಿಯ ಮೇಲಿನ ಕ್ಲಾಸು ಬಿಟ್ಟಿತು. ಮಕ್ಕಳ ಹಿಂದೆ, ಅಂಗಿಗೆಲ್ಲ ಸೀಮೆಸುಣ್ಣ ಮಾಡಿಕೊಂಡು ಸಂಗಮೇಶ ಇಳಿದು ಬಂದ. ಅವಳನ್ನು ಕಂಡು ಕೊನೆಯ ಮೆಟ್ಟಿಲಲ್ಲೇ ನಿಂತ.

"ನೀವು... ಇಲ್ಲಿ?"

"ನಿಮಗ ಯಾರು ಹೇಳಿದ್ರು ನನ್ನ ತಪ್ಪು ಹೊರಾಕ?"

ಅವನಿಗೆ ಅರ್ಥವಾಯಿತು. ಬಸ್‌ಸ್ಟಾಪಿನ ಕಡೆ ನಡೆದ. ಅವಳೂ ನಡೆದಳು.

"ರಜಾ ಮುಗಿದ ಬೆಳಿಗ್ಗೆ ಎಲ್ಲಾರಿಗಿಂತ ಮೊದ್ಲ ನಾ ಬಂದು ಬೀಗ ತೆಗೆದೆ" ಅಂದ ಅವನು. "ಪ್ಲಗ್ ಕೆಳಗ ಬಿದ್ದಿತ್ತು. ಒರೆಸಿದ ಬಟ್ಟಿ ಅಲ್ಲೇ ಇತ್ತು. ಕಡೀಕ ಹೋದಾಕಿ ನೀವು ಅಂತ ಗೊತ್ತಿತ್ತು. ಮೇಡಂ ಕೇಳಿದ್ರು. ನನ್ನ ಬಾಯಾಗ 'ನಾನು' ಅಂತ ಬಂತು."

"ಯಾಕ ಬಂತು?"

"ಎರಡ ದಿನದ ಹಿಂದಷ್ಟ ನಿಮ್ಮಣ್ಣನ ಸಾಮಾನು ತೊಳೆದಿದ್ದೆ. ಅವು ಎಷ್ಟು ಸವದಿದ್ವು ಅಂತ ನೋಡಿದ್ದೆ. ನಿಮಗ ಆ ಸೀಟು ಬಿಟ್ರ ಏನೂ ಉಳದಿಲ್ಲ ಅನ್ನಿಸ್ತು."

"ನಾ ನಿಮಗ ಅಷ್ಟು ಅಂದೆ ಮೆಟ್ಟಲ ಮ್ಯಾಲೆ. ಆವಾಗರೆ ಹೇಳಬಾರದಿತ್ತೇನು?"

"ಹೇಳಿದ್ರ ನೀವು ಒಳಗ ಹೋಗಿ ಒಪ್ಕೋತಿದ್ರಿ."

"ಈಗರೆ ಏನಾತು? ಒಪ್ಕೊಂಡೇ ಬಂದೀನಿ. ಸೀಟೂ ಹೋತು." ಅವಳ ದನಿ ಏರಿತು. ಬೀಡಿ ಕಟ್ಟಿನ ಹೆಂಗಸೊಬ್ಬಳು ತಿರುಗಿ ನೋಡಿದಳು. "ನನ್ನ ಕೇಳದನ ನನ್ನ ಸಲುವಾಗಿ ಬಿದ್ದು ಸಾಯಾಕ ನಿಮಗ್ಯಾರು ಹೇಳಿದ್ರು? ನಮ್ಮಣ್ಣನೂ ಹಂಗ ಮಾಡಿದ. ಜ್ವರ ಇತ್ತು ಅವತ್ತ ಅವನಿಗೆ. ಬ್ಯಾಡ ಅಂದೆ. 'ನಿನ್ನ ಪಿಎಚ್‌ಡಿ ಫೀಸಿಗೆ ರೊಕ್ಕ ಕೂಡಿಸಬೇಕಲ್ಲ ತಂಗಿ' ಅಂದು ಹೋದ. ನೀವೂ ಹಂಗ... ಎಲ್ಲಾರೂ ನನ್ನ ಸಲುವಾಗಿ..."

ತನಗೆ ಸಿಟ್ಟು ಬಂದಿದೆ ಅಂತ ಅವಳಿಗೆ ಆಗ ಗೊತ್ತಾಯಿತು. ವರ್ಷದಿಂದ ಎಲ್ಲಿಗೋ ಹೋಗಿದ್ದ ಅಳು, ಕಟಪಾಡಿಯ ಬಸ್‌ಸ್ಟಾಪಿನಲ್ಲಿ, ಅಷ್ಟು ಜನರ ಎದುರಿಗೆ, ಗಂಟಲು ಹರಿದುಕೊಂಡು ಬಂತು.

ಸಂಗಮೇಶ ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಜನಕ್ಕೆ ಅವಳು ಕಾಣದ ಹಾಗೆ ಅಡ್ಡ ನಿಂತ. ಕಾಪುವಿನ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅದೂ ಹೋಯಿತು.

"ನನಗ ಇಷ್ಟು ದಿನ ಏನೂ ಅನ್ನಿಸ್ತಿರಲಿಲ್ಲ" ಅಂದಳು ಅವಳು ಬಿಕ್ಕುತ್ತ. "ನೀವು ಹೋದ ಮ್ಯಾಲೂ ಏನೂ ಆಗಲಿಲ್ಲ ಅಂದ್ಕೊಂಡಿದ್ದೆ. ಆದ್ರ ನಿಮ್ಮ ಸ್ಟೂಲು ಮೂಲಿಗೆ ಸರಸಿ, ಹಂಗ ಬಿಡಾಕ ಆಗಲಿಲ್ಲ ನನಗ."

ಅವನ ಕಣ್ಣೂ ತುಂಬಿತು.

"ನಮ್ಮಪ್ಪನ ಹತ್ರ ಏನೋ ಕೇಳಾಕ ಹೋಗಿದ್ರಂತ. ಕೇಳಲಿಲ್ಲಂತ."

"ಹೂಂ. ಮನ್ಯಾಗ ದುಃಖ ಇತ್ತು. ವರ್ಷ ಮುಗೀಲಿ, ಆಮ್ಯಾಲೆ ಕೇಳಿದ್ರಾತು ಅಂತ..."

"ಅಪ್ಪನ್ನ ಆವಾಗ ಕೇಳ್ರಿ. ನನ್ನ ಈಗ ಕೇಳ್ರಿ."

ಅವನು ಸೀಮೆಸುಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ದ್ರಾಕ್ಷಾಯಿಣಿ... ನನ್ನ ಮದುವಿ ಆಗ್ತೀರೇನು?"

"ಆಗ್ತೀನಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದಷ್ಟೂ ಕಣ್ಣೀರು ಬರುತ್ತಲೇ ಇತ್ತು. "ಸ್ವಲ್ಪ ತಡೀರಿ. ಅಳು ನಿಂದ್ರವಲ್ದು."

"ನಿಂದ್ರೂದು ಬ್ಯಾಡ. ಅಳ್ರಿ" ಅಂದ ಅವನು. "ನನಗೇನೂ ಅವಸರ ಇಲ್ಲ."